ಲ್ಯಾಂಡರ್ ಬಿತ್ತು, ಆರ್ಬಿಟರ್ ಸುತ್ತುತ್ತಲೇ ಇತ್ತು

ಸೆಮಿಸ್ಟರ್ ಕೊನೆಗೆ ಬಂತೆಂದರೆ ನಮ್ಮೆಲ್ಲರ ಮುಖವೂ ಒಂದೇ ಥರ ಕಾಣುತ್ತದೆ. ಇಂಟರ್ನಲ್ಸ್ ಮುಗಿದಿಲ್ಲ, ರೆಕಾರ್ಡ್ ಬರೆದಿಲ್ಲ, ಮಿನಿ ಪ್ರಾಜೆಕ್ಟ್ ಓಡ್ತಿಲ್ಲ. ಎಷ್ಟು ಮಲಗಿದರೂ ಸುಸ್ತು ಹೋಗಲ್ಲ. 'ಇನ್ನು ನನ್ ಕೈಲಿ ಆಗಲ್ಲಪ್ಪ' ಅನ್ನೋ ಮಾತು ಮೆಸ್ಸಿನಲ್ಲಿ, ಬಸ್ಸಿನಲ್ಲಿ, ಲ್ಯಾಬಿನ ಬಾಗಿಲಲ್ಲಿ ಕೇಳುತ್ತಲೇ ಇರುತ್ತದೆ.

ಕಳೆದ ವರ್ಷ ರಿಸಲ್ಟ್ ಬಂದ ರಾತ್ರಿ ನಮ್ಮ ರೂಮಿನ ಗೆಳೆಯನೊಬ್ಬ ಹಾಗೆ ಅಂದ. ಗಣಿತ, ಅನಲಾಗ್ ಎಲೆಕ್ಟ್ರಾನಿಕ್ಸ್, ಎರಡು ಬ್ಯಾಕ್. ಬ್ಯಾಗು ತುಂಬಿಟ್ಟುಕೊಂಡು 'ಊರಿಗೆ ಹೋಗಿ ಅಪ್ಪನ ಅಂಗಡಿ ನೋಡ್ಕೋತೀನಿ' ಎಂದು ಕೂತಿದ್ದ. ನಾವು ಗೊತ್ತಿದ್ದದ್ದನ್ನೆಲ್ಲ ಹೇಳಿದೆವು. ಧೈರ್ಯ ತಗೋ, ಎಲ್ಲಾ ಸರಿಹೋಗತ್ತೆ ಅಂದೆವು. ಮೋಟಿವೇಷನ್ ವಿಡಿಯೊನೂ ತೋರಿಸಿದೆವು. ಅವನು ಗೋಡೆ ಕಡೆ ತಿರುಗಿ ಮಲಗಿದ. ನಂಬಿಕೆ ಇಟ್ಕೋ ಅಂದ ಮಾತ್ರಕ್ಕೆ ನಂಬಿಕೆ ಬರುವುದಿಲ್ಲ ಎಂದು ಅವತ್ತು ನಮಗೆ ಗೊತ್ತಾಯಿತು.

ಹಾಗಾದರೆ ಅದು ಬರುವುದು ಎಲ್ಲಿಂದ? ಮರುದಿನ ಸಂಜೆ ಚಹಾ ಕುಡಿಯುವಾಗ ಮಾತು ಚಂದ್ರಯಾನದ ಕಡೆ ಹೊರಳಿತು. ಉತ್ತರ ಅಲ್ಲಿತ್ತು.

2019ರ ಸೆಪ್ಟೆಂಬರ್ 7. ನಾವಾಗ ಶಾಲೆಯಲ್ಲಿದ್ದೆವು. ಮಧ್ಯರಾತ್ರಿ ಕಳೆದರೂ ನಿದ್ದೆಗೆಟ್ಟು ಟಿವಿ ಮುಂದೆ ಕೂತಿದ್ದೆವು. ಚಂದ್ರಯಾನ-2ರ ವಿಕ್ರಂ ಲ್ಯಾಂಡರ್ ಚಂದ್ರನ ಮೇಲೆ ಇಳಿಯಬೇಕಿತ್ತು. ಸುಮಾರು 2.1 ಕಿ.ಮೀ. ಎತ್ತರದವರೆಗೆ ಎಲ್ಲವೂ ಅಂದುಕೊಂಡಂತೆಯೇ ಇತ್ತು ಎಂದು ಇಸ್ರೋ ಹೇಳಿತು. ಆಮೇಲೆ ಸಂಪರ್ಕ ತಪ್ಪಿತು. ಬೆಳಗಾದಾಗ ಇಸ್ರೋ ಅಧ್ಯಕ್ಷ ಕೆ. ಶಿವನ್ ಕಣ್ಣೀರಿಟ್ಟದ್ದನ್ನು ಇಡೀ ದೇಶ ನೋಡಿತು. ಅಷ್ಟು ದೊಡ್ಡವರೇ ಅತ್ತಿದ್ದಾರೆ. ಹಾಗಿರುವಾಗ ಎರಡು ಬ್ಯಾಕ್ ಬಂದಾಗ ಅತ್ತರೆ ನಾಚಿಕೆ ಯಾಕೆ? ಅವರು ಅತ್ತ ಮೇಲೆ ಏನಾಯಿತು ಅನ್ನುವುದೇ ನಮಗೆ ಪಾಠ.

ಪಾಠ 1: ಉಳಿದಿರುವುದನ್ನು ಎಣಿಸಿ

'ಚಂದ್ರಯಾನ-2 ಫೇಲ್' ಎಂದು ನಾವೆಲ್ಲ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟೆವು. ಆದರೆ ಎಂಟು ಉಪಕರಣ ಹೊತ್ತ ಆರ್ಬಿಟರ್ ತನ್ನ ಪಾಡಿಗೆ ಚಂದ್ರನನ್ನು ಸುತ್ತುತ್ತಿತ್ತು. ಅದರ ಆಯುಸ್ಸು ಒಂದು ವರ್ಷ ಎಂದುಕೊಂಡಿದ್ದರು. ಇಂಧನ ಉಳಿದಿದ್ದರಿಂದ ಸುಮಾರು ಏಳು ವರ್ಷ ಕೆಲಸ ಮಾಡಬಹುದು ಎಂದು ಇಸ್ರೋ ತಿಳಿಸಿತು. ಮುಂದೆ ಚಂದ್ರಯಾನ-3 ಇಳಿಯುವ ಜಾಗ ಆರಿಸಲು ನೆರವಾದದ್ದು ಇದೇ ಆರ್ಬಿಟರ್ ತೆಗೆದ ಚಿತ್ರಗಳು.

ನಮ್ಮ ಗೆಳೆಯನ ರಫ್ ಬುಕ್ಕಿನ ಕೊನೇ ಪುಟದಲ್ಲಿ ನಾವೂ ಪಟ್ಟಿ ಬರೆದೆವು. ಎರಡು ವಿಷಯ ಹೋಗಿದೆ, ನಿಜ. ಉಳಿದ ಆರು ಪಾಸಾಗಿದೆ. ಜೂನಿಯರ್‌ಗಳು ಸೋಲ್ಡರಿಂಗ್ ಕಲಿಯಲು ಬರುವುದು ಇವನ ಹತ್ತಿರವೇ. ಅವನು ಪಟ್ಟಿ ನೋಡಿ ನಗಲಿಲ್ಲ, ಆದರೆ ಎದ್ದು ಕೂತ.

ಪಾಠ 2: ತಪ್ಪು ಎಲ್ಲಿ ಶುರುವಾಯ್ತು?

'ನಾವು ಕೈಲಾಗದವರು' ಎಂದು ಇಸ್ರೋ ವರದಿ ಬರೆದು ಕೂರಲಿಲ್ಲ. ಎಂಜಿನ್‌ಗಳ ನೂಕುಬಲ ನಿರೀಕ್ಷೆಗಿಂತ ಹೆಚ್ಚಾಗಿತ್ತು. ಅದರಿಂದಾದ ಸಣ್ಣ ಸಣ್ಣ ವ್ಯತ್ಯಾಸಗಳು ಒಂದರ ಮೇಲೊಂದು ಸೇರಿದವು. ಅದನ್ನೆಲ್ಲ ಸರಿಪಡಿಸಲು ಲ್ಯಾಂಡರ್ ಬೇಗ ತಿರುಗಬೇಕಿತ್ತು, ಅಷ್ಟು ವೇಗಕ್ಕೆ ಅವಕಾಶ ಇರಲಿಲ್ಲ. ಇಳಿಯಬೇಕಿದ್ದ ಜಾಗವೂ ಚಿಕ್ಕದು, 500 ಮೀಟರ್ ಉದ್ದ, 500 ಮೀಟರ್ ಅಗಲ.

ನಮ್ಮವನದ್ದೂ ಇದೇ ಕಥೆ. ಮೂರನೇ ವಾರದಲ್ಲಿ ಜ್ವರ ಬಂದು ಲ್ಯಾಪ್ಲಾಸ್ ಕ್ಲಾಸುಗಳು ತಪ್ಪಿದ್ದವು. ಮುಂದಿನ ಪಾಠ ಅದರ ಮೇಲೇ ನಿಂತಿತ್ತು. ಕೇಳಲು ಸಂಕೋಚ, ಕೇಳದಿದ್ದಕ್ಕೆ ಭಯ, ಭಯಕ್ಕೆ ಕ್ಲಾಸ್ ಬಂಕ್. 'ನಾನು ದಡ್ಡ' ಅನ್ನುವುದಕ್ಕೆ ಮದ್ದಿಲ್ಲ. 'ಮೂರನೇ ವಾರದ ಪಾಠ ಬಿಟ್ಟುಹೋಗಿದೆ' ಅನ್ನುವುದಕ್ಕೆ ಇದೆ.

ಪಾಠ 3: ಇಳಿಯುವ ಜಾಗ ದೊಡ್ಡದು ಮಾಡಿ

ಚಂದ್ರಯಾನ-3ರಲ್ಲಿ 'ಎಲ್ಲಾ ಸರಿಯಾಗೇ ಆಗತ್ತೆ' ಎಂದು ನಂಬಿ ವಿನ್ಯಾಸ ಮಾಡಲಿಲ್ಲ. ಏನೇನು ಕೆಡಬಹುದು ಎಂದು ಕೇಳಿಕೊಂಡು ಮಾಡಿದರು. ಇಳಿಯುವ ಜಾಗ 4 ಕಿ.ಮೀ. ಉದ್ದ, 2.4 ಕಿ.ಮೀ. ಅಗಲ ಆಯಿತು. ಇಂಧನ ಹೆಚ್ಚಿತು, ಕಾಲುಗಳು ಗಟ್ಟಿಯಾದವು. ಲ್ಯಾಂಡರಿನ ಭಾಗಗಳನ್ನು ಕ್ರೇನಿಗೆ ಕಟ್ಟಿ, ಹೆಲಿಕಾಪ್ಟರಿಗೆ ಕಟ್ಟಿ ಪರೀಕ್ಷೆ ಮಾಡಿದರು. ಒಂದೊಂದು ಪರೀಕ್ಷೆ ಮುಗಿದಾಗಲೂ ನಂಬಿಕೆ ಒಂದಿಷ್ಟು ಹೆಚ್ಚಿರಬೇಕು.

ನಾವು ಮಾಡೋದು ಉಲ್ಟಾ. ಸೋತ ಮರುದಿನವೇ 'ದಿನಕ್ಕೆ ಹತ್ತು ಗಂಟೆ ಓದ್ತೀನಿ' ಎಂದು ಟೈಮ್‌ಟೇಬಲ್ ಹಾಕ್ತೀವಿ. ಒಂದು ದಿನ ತಪ್ಪಿದರೆ ಎಲ್ಲಾ ಕುಸಿಯುತ್ತದೆ. ಗೆಳೆಯ ದಿನಕ್ಕೆ ಎರಡೇ ಗಂಟೆ ಇಟ್ಟುಕೊಂಡ. ಭಾನುವಾರ ಪುಸ್ತಕ ಮುಟ್ಟುವ ಹಾಗಿಲ್ಲ, ನಿದ್ದೆಗೆ ಕತ್ತರಿ ಹಾಕುವ ಹಾಗಿಲ್ಲ. ಸುಸ್ತಾದ ದಿನ ಒಂದೇ ಲೆಕ್ಕ ಮಾಡಿದರೂ ಅದು ಲೆಕ್ಕಕ್ಕೆ ಬರುತ್ತದೆ. ನಂಬಿಕೆ ಮೊದಲು ಬಂದು ಓದು ಆಮೇಲೆ ಶುರುವಾಗಲಿಲ್ಲ; ಒಂದೊಂದು ಲೆಕ್ಕ ಬಿಡಿಸಿದಾಗ ಅದು ಚೂರು ಚೂರೇ ಬಂತು.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು. ಊಟ, ನಿದ್ದೆ, ಬದುಕುವ ಆಸೆಯೇ ವಾರಗಟ್ಟಲೆ ಇಲ್ಲದಂತಾದರೆ ಅದಕ್ಕೆ ಟೈಮ್‌ಟೇಬಲ್ ಸಾಲದು. ರೂಮಿನವರಿಗೆ ಹೇಳಿ, ಮನೆಯವರಿಗೆ ಹೇಳಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3 ಇಳಿಯಿತು. ಅದಕ್ಕೆ ಎರಡು ದಿನ ಮೊದಲು ಹೊಸ ಲ್ಯಾಂಡರ್ ಜತೆ ಸಂಪರ್ಕ ಸಾಧಿಸಿದ್ದು ಯಾರು ಗೊತ್ತಾ? ನಾವು ಫೇಲ್ ಅಂದಿದ್ದ ಚಂದ್ರಯಾನ-2ರ ಆರ್ಬಿಟರ್.

ನಮ್ಮ ಗೆಳೆಯ ಗಣಿತ ಪಾಸಾದ. ಅನಲಾಗ್ ಇನ್ನೂ ಬಾಕಿ ಇದೆ, ಪರೀಕ್ಷೆಗೆ ಫೀಸು ಕಟ್ಟಿದ್ದಾನೆ. ಅವತ್ತು ತುಂಬಿಟ್ಟಿದ್ದ ಬ್ಯಾಗು ಈಗ ಮಂಚದ ಕೆಳಗೆ ಖಾಲಿ ಬಿದ್ದಿದೆ.