ಪೆಂತೆಕೋಸ್ತ್ ಪ್ರಾರ್ಥನೆ ಎಂದರೇನು? ಸಂಘದ ಅಕ್ಕತಂಗಿಯರಿಗೆ ಒಂದು ಪಾಠ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕಿನ ಸಂಘಗಳ ವಾರದ ಸಭೆಗೆ ನಾವು ಬಂದಾಗ, ಉಳಿತಾಯ ಮತ್ತು ಸಾಲದ ಕಂತಿನ ಲೆಕ್ಕ ಮುಗಿದ ಮೇಲೆ ಒಂದು ಪ್ರಶ್ನೆ ಆಗಾಗ ಬರುತ್ತದೆ. "ಅಕ್ಕಾರ, ನಮ್ಮ ಓಣ್ಯಾಗ ಒಬ್ಬರ ಮನ್ಯಾಗ ಪ್ರಾರ್ಥನಾ ನಡೀತೈತಿ. ಚಪ್ಪಾಳಿ ಹೊಡೀತಾರ, ಜೋರಾಗಿ ಅಳ್ತಾರ, ತಿಳೀಲಾರದ ಭಾಷಾದಾಗ ಮಾತಾಡ್ತಾರ. ಅವರೂ ನಿಮ್ಮ ಚರ್ಚಿನವರೇ ಏನ್ರಿ?"

ಒಂದು ಸಂಘದಲ್ಲಿ ಈ ಪ್ರಶ್ನೆ ಜಗಳಕ್ಕೇ ಬಂತು. ಅಲ್ಲಿನ ಒಬ್ಬ ಸದಸ್ಯೆಗೆ ಕ್ಷಯರೋಗ. ಸರಕಾರಿ ಆಸ್ಪತ್ರೆಯ ಗುಳಿಗೆ ನುಂಗುತ್ತಿದ್ದಳು. ಪ್ರಾರ್ಥನೆಗೆ ಹೋಗತೊಡಗಿದ ಮೇಲೆ ಮನಸ್ಸು ಹಗುರಾಯಿತು, ಕೆಮ್ಮೂ ಕಡಿಮೆಯಾಯಿತು. "ನನಗ ದೇವರು ಗುಣ ಮಾಡ್ಯಾನ" ಎಂದು ಮೂರನೇ ತಿಂಗಳಿಗೇ ಗುಳಿಗೆ ಬಿಟ್ಟಳು. ಕೆಮ್ಮು ತಿರುಗಿ ಬಂತು. ಸಂಘ ಎರಡು ಪಾಲಾಯಿತು. "ಅಕಿ ಸಂಘಕ್ಕ ಬರೋದೇ ಬ್ಯಾಡ" ಎಂದು ಕೆಲವರು, "ಅಕಿ ನಂಬಿಕಿ ಅಕಿದು, ನಮಗ್ಯಾಕ" ಎಂದು ಕೆಲವರು.

ಎರಡೂ ಮಾತು ಸರಿಯಲ್ಲ ಎಂದು ನಮಗೆ ಅನಿಸಿತು. ಅದಕ್ಕೇ ಈ ತಿಂಗಳ ಪಾಠದಲ್ಲಿ ಈ ಪ್ರಾರ್ಥನೆಯ ಹಿಂದಿನ ಕಥೆಯನ್ನು ತಿಳಿದುಕೊಳ್ಳೋಣ. ನಮ್ಮ ಸಂಘಗಳಲ್ಲಿ ಎಲ್ಲ ಜಾತಿ-ಧರ್ಮದವರೂ ಇದ್ದೀರಿ. ಯಾರನ್ನೂ ಯಾವುದಕ್ಕೂ ಸೇರಿಸಲು ಇದನ್ನು ಬರೆಯುತ್ತಿಲ್ಲ. ನೆರೆಮನೆಯವಳ ನಂಬಿಕೆ ಏನೆಂದು ಗೊತ್ತಿದ್ದರೆ ಹೆದರಿಕೆ ಕಡಿಮೆಯಾಗುತ್ತದೆ, ತಪ್ಪು ಕಂಡಲ್ಲಿ ಹೇಳಲು ಧೈರ್ಯವೂ ಬರುತ್ತದೆ.

1. ಹೆಸರು ಎಲ್ಲಿಂದ ಬಂತು?

ಪೆಂತೆಕೋಸ್ತ್ ಎಂಬುದು ಗ್ರೀಕ್ ಭಾಷೆಯ ಮಾತು. ಅರ್ಥ 'ಐವತ್ತನೆಯದು'. ಯೆಹೂದ್ಯರಿಗೆ ಅದು ಪಾಸ್ಕ ಹಬ್ಬದ ಐವತ್ತನೆಯ ದಿನ ಬರುವ ಸುಗ್ಗಿಯ ಹಬ್ಬ. ಗೋಧಿ ಕೊಯ್ಲಿನ ಹೊತ್ತು. ಯೇಸುಸ್ವಾಮಿ ಪುನರುತ್ಥಾನರಾದ ಮೇಲೆ ಬಂದ ಆ ಹಬ್ಬದ ದಿನ ಶಿಷ್ಯರು ಜೆರುಸಲೇಮಿನಲ್ಲಿ ಒಂದೇ ಕಡೆ ಕೂಡಿದ್ದರು. ಮಾತೆ ಮರಿಯಮ್ಮನವರೂ ಬೇರೆ ಹೆಣ್ಣುಮಕ್ಕಳೂ ಆ ಪ್ರಾರ್ಥನೆಯ ಬಳಗದವರೇ. ಬಿರುಗಾಳಿಯಂಥ ಸದ್ದಾಯಿತು, ಬೆಂಕಿಯ ನಾಲಗೆಗಳು ಒಬ್ಬೊಬ್ಬರ ಮೇಲೂ ಇಳಿದಂತೆ ಕಂಡಿತು, ಎಲ್ಲರೂ ಪವಿತ್ರಾತ್ಮರಿಂದ ತುಂಬಿದರು. ದೂರದ ದೇಶಗಳಿಂದ ಬಂದಿದ್ದವರಿಗೆ ಅವರ ಮಾತು ತಂತಮ್ಮ ಭಾಷೆಯಲ್ಲೇ ಕೇಳಿಸಿತು. ಇದು ಪ್ರೇಷಿತರ ಕಾರ್ಯಕಲಾಪಗಳು ಗ್ರಂಥದ ಎರಡನೇ ಅಧ್ಯಾಯದಲ್ಲಿದೆ.

ಆ ದಿನ ಸಂತ ಪೇತ್ರರು ಹಳೆಯ ಪ್ರವಾದಿಯ ಮಾತನ್ನು ನೆನಪಿಸಿದರು. ದೇವರ ಆತ್ಮ ಗಂಡುಮಕ್ಕಳ ಮೇಲೂ ಹೆಣ್ಣುಮಕ್ಕಳ ಮೇಲೂ, ದಾಸ ದಾಸಿಯರ ಮೇಲೂ ಇಳಿಯುತ್ತದೆ ಎಂಬುದು ಅದರ ಸಾರ. ಪೆಂತೆಕೋಸ್ತ್ ನಂಬಿಕೆಗೆಲ್ಲ ಬುನಾದಿ ಈ ಒಂದು ಮಾತು.

2. ಬರಗಾಲದಲ್ಲಿ ಬೆಳೆದ ನಮ್ಮ ನಾಡಿನ ಮಗಳು

ಈ ಪ್ರಾರ್ಥನೆ ಅಮೆರಿಕದಿಂದ ಬಂದದ್ದು ಎಂದು ಬಹಳ ಜನ ತಿಳಿದಿದ್ದಾರೆ. ಭಾರತದಲ್ಲಿ ಇದರ ಒಂದು ಬೇರು ನಮ್ಮ ಹತ್ತಿರದ ರೈಲು ಹಾದಿಯಲ್ಲೇ ಇದೆ. ಇಂಡಿ ಕಡೆಯಿಂದ ಸೊಲ್ಲಾಪುರಕ್ಕೆ ಹೋಗಿ ಪುಣೆ ಗಾಡಿ ಹತ್ತಿದರೆ, ದೌಂಡ್ ದಾಟಿದ ಮೇಲೆ ಕೇಡಗಾಂವ್ ಎಂಬ ಊರು ಬರುತ್ತದೆ. ದುಡಿಯಲು ಪುಣೆಗೆ ಹೋಗುವ ನಮ್ಮ ಜನ ಆ ನಿಲ್ದಾಣವನ್ನು ನೋಡಿರುತ್ತಾರೆ. ಅಲ್ಲಿ 'ಮುಕ್ತಿ' ಎಂಬ ಆಶ್ರಮ ಕಟ್ಟಿದವರು ಪಂಡಿತಾ ರಮಾಬಾಯಿ.

ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಕಾರ್ಕಳ ಸೀಮೆಯವರು. ಹೆಣ್ಣಿಗೆ ಸಂಸ್ಕೃತ ಕಲಿಸಬಾರದೆಂದು ಜನ ವಿರೋಧಿಸಿದರೂ ಹೆಂಡತಿಗೆ ಕಲಿಸಿದರು. ತಾಯಿ ಮಗಳಿಗೆ ಕಲಿಸಿದರು. 1870ರ ದಶಕದ ಬರದಲ್ಲಿ ಊರೂರು ಅಲೆಯುತ್ತಾ ತಂದೆ, ತಾಯಿ, ಅಕ್ಕ ಮೂವರೂ ತೀರಿಹೋದರು. ಉಳಿದವರು ರಮಾಬಾಯಿ ಮತ್ತು ಅಣ್ಣ. 1878ರಲ್ಲಿ ಕಲಕತ್ತೆಯ ವಿದ್ವಾಂಸರು ಆಕೆಯ ಪಾಂಡಿತ್ಯ ಕಂಡು 'ಪಂಡಿತಾ', 'ಸರಸ್ವತಿ' ಎಂಬ ಬಿರುದು ಕೊಟ್ಟರು. ಆಮೇಲೆ ಮದುವೆಯಾಯಿತು, ಎರಡೇ ವರ್ಷದಲ್ಲಿ ಗಂಡ ತೀರಿದರು, ಕೈಯಲ್ಲಿ ಹಸುಗೂಸು ಮಗಳು ಮನೋರಮಾ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. ಅವರು ಕಥೋಲಿಕರಾಗಲಿಲ್ಲ, ಆದರೂ ಅವರ ಬದುಕಿನಿಂದ ನಾವೆಲ್ಲ ಕಲಿಯಬಹುದು.

ತಾನು ಹಸಿದದ್ದನ್ನು ಆಕೆ ಮರೆಯಲಿಲ್ಲ. 1896-97ರ ಬರದಲ್ಲಿ ಮಧ್ಯಪ್ರಾಂತ್ಯದಿಂದ, 1900ರ ಬರದಲ್ಲಿ ಗುಜರಾತಿನಿಂದ ನೂರಾರು ವಿಧವೆಯರನ್ನೂ ಅನಾಥ ಹುಡುಗಿಯರನ್ನೂ ಕರೆತಂದರು. 1900ರ ಹೊತ್ತಿಗೆ ಮುಕ್ತಿಯಲ್ಲಿ ಸುಮಾರು 1500 ಜನ, ನೂರಕ್ಕೂ ಹೆಚ್ಚು ದನಗಳು. ಓದು-ಬರಹದ ಜೊತೆ ನೇಯ್ಗೆ, ಹೊಲಿಗೆ, ಹೈನ, ಎಣ್ಣೆಗಾಣ, ಅಚ್ಚುಕೂಟದ ಕೆಲಸ ಕಲಿತರು. ಕಣ್ಣು ಕಾಣದವರಿಗೂ ಓದಿನ ಏರ್ಪಾಡಿತ್ತು. ಇಂದು ನಾವು ಸಂಘದಲ್ಲಿ ಸ್ವಂತ ಕಾಲ ಮೇಲೆ ನಿಲ್ಲುವುದು ಎನ್ನುತ್ತೇವಲ್ಲ, ಅದನ್ನು ಆ ಹೆಣ್ಣುಮಕ್ಕಳು ಮಾಡಿ ತೋರಿಸಿದ್ದರು.

1905ರ ಆರಂಭದಲ್ಲಿ ರಮಾಬಾಯಿ ಅವರನ್ನು ದಿನವೂ ಪ್ರಾರ್ಥನೆಗೆ ಕರೆದರು. ಸುಮಾರು 70 ಜನರಿಂದ ಶುರುವಾದದ್ದು ಜೂನ್ ಹೊತ್ತಿಗೆ 550ಕ್ಕೆ ಏರಿತು. ಜೂನ್ ಕೊನೆಯ ಒಂದು ರಾತ್ರಿ ಒಬ್ಬ ಹುಡುಗಿ ಎದ್ದು ಅಳುತ್ತಾ ಪ್ರಾರ್ಥಿಸತೊಡಗಿದಳು. ಅವಳ ಮೈಮೇಲೆ ಬೆಂಕಿ ಕಂಡಂತಾಗಿ ಜೊತೆಗಾತಿ ನೀರು ತರಲು ಓಡಿದಳಂತೆ; ನೋಡಿದರೆ ಬಟ್ಟೆ ಸುಟ್ಟಿರಲಿಲ್ಲ. ಅಲ್ಲಿದ್ದ ಮಿನ್ನಿ ಅಬ್ರಾಮ್ಸ್ ಎಂಬ ಅಮೆರಿಕದ ಸೇವಕಿ ಇದನ್ನು ಬರೆದಿಟ್ಟಿದ್ದಾರೆ. ಪಾಪಕ್ಕಾಗಿ ಅಳು, ಸಂತೋಷದ ನಗೆ, ಎಲ್ಲರೂ ಒಟ್ಟಿಗೆ ಜೋರಾಗಿ ಪ್ರಾರ್ಥಿಸುವುದು, ಆಮೇಲೆ ಅನ್ಯಭಾಷೆಗಳಲ್ಲಿ ಮಾತಾಡುವುದು, ಇವೆಲ್ಲ ಮುಕ್ತಿಯಲ್ಲಿ ಕಂಡವು. ಆ ಹುಡುಗಿಯರೇ ಗುಂಪುಗಳಾಗಿ ಸುತ್ತಲಿನ ಹಳ್ಳಿಗಳಿಗೆ ಹೋದರು. ಅಬ್ರಾಮ್ಸ್ 1906ರಲ್ಲಿ ಬರೆದ ಪುಸ್ತಕ ದೂರದ ಚಿಲಿ ದೇಶದಲ್ಲಿದ್ದ ಗೆಳತಿಗೆ ತಲುಪಿ, 1909ರಲ್ಲಿ ಅಲ್ಲೂ ಇಂಥದೇ ಪ್ರಾರ್ಥನೆಯ ಚಳವಳಿ ಎದ್ದಿತು.

ಅನ್ಯಭಾಷೆಯ ವರವನ್ನು ರಮಾಬಾಯಿ ತಡೆಯಲಿಲ್ಲ. ಆದರೆ ಅದು ಎಲ್ಲರಿಗೂ ಬರಲೇಬೇಕೆಂದು ಹಟವನ್ನೂ ಹಿಡಿಯಲಿಲ್ಲ. ಪ್ರಾರ್ಥನೆ ಎಷ್ಟೇ ಜೋರಾದರೂ ಗಾಣ, ಮಗ್ಗ, ಅಡುಗೆಮನೆ ನಿಲ್ಲಲಿಲ್ಲ. ಮಗಳು ಮನೋರಮಾ 1912ರ ಸುಮಾರಿಗೆ ನಮ್ಮ ಪಕ್ಕದ ಗುಲಬರ್ಗಾದಲ್ಲಿ ಶಾಲೆಯ ಹೊಣೆ ಹೊತ್ತರು. ರಮಾಬಾಯಿ ಮೂಲ ಭಾಷೆಗಳನ್ನು ಕಲಿತು ಬೈಬಲನ್ನು ಮರಾಠಿಗೆ ತಂದರು, ಮುಕ್ತಿಯ ಹೆಣ್ಣುಮಕ್ಕಳೇ ಅದರ ಅಚ್ಚಿನ ಕೆಲಸ ಮಾಡಿದರು. 1922ರಲ್ಲಿ ರಮಾಬಾಯಿ ತೀರಿಕೊಂಡರು. ಮುಕ್ತಿ ಇಂದಿಗೂ ನಡೆಯುತ್ತಿದೆ.

3. ಹೊರಗಿನ ಲೋಕದಲ್ಲಿ

ಮುಕ್ತಿಯಲ್ಲಿ ಪ್ರಾರ್ಥನೆ ಎದ್ದ ಮರುವರ್ಷ, 1906ರ ಏಪ್ರಿಲ್‌ನಲ್ಲಿ, ಅಮೆರಿಕದ ಲಾಸ್ ಏಂಜಲೀಸ್ ನಗರದ ಅಜುಸಾ ಬೀದಿಯಲ್ಲಿ ದೊಡ್ಡ ಪ್ರಾರ್ಥನೆ ಶುರುವಾಯಿತು. ನಡೆಸಿದವರು ವಿಲಿಯಂ ಸೀಮೋರ್, ಗುಲಾಮರಾಗಿದ್ದ ತಂದೆತಾಯಿಯ ಮಗ. ಕರಿಯ ಎಂಬ ಕಾರಣಕ್ಕೆ ಬೈಬಲ್ ಪಾಠವನ್ನು ಕೋಣೆಯ ಹೊರಗೆ ಕೂತು ಕೇಳಬೇಕಾಗಿ ಬಂದವರು. ಅವರ ಪ್ರಾರ್ಥನೆಯಲ್ಲಿ ಕರಿಯರು-ಬಿಳಿಯರು ಒಂದೇ ನೆಲದ ಮೇಲೆ ಮೊಣಕಾಲೂರಿದರು, ಹೆಂಗಸರೂ ಬೋಧಿಸಿದರು. ಮುಂದೆ ಆ ಸಭೆಗಳು ಬಣ್ಣದ ಮೇಲೆ ಒಡೆದವು ಎಂಬುದೂ ನಿಜ. ಅಲ್ಲಿಂದ ಸೇವಕರು ಲೋಕದ ಎಲ್ಲ ಕಡೆ ಹೋದರು. 1913ರಲ್ಲಿ ರಾಬರ್ಟ್ ಕುಕ್ ಎಂಬ ಅಮೆರಿಕದವರು ಬೆಂಗಳೂರಿಗೆ ಬಂದರು, ಮುಂದೆ ಕೇರಳದಲ್ಲಿ ಸಭೆಗಳನ್ನು ಕಟ್ಟಿದರು.

ಕಥೋಲಿಕರಲ್ಲಿ ಇದು ಬಂದದ್ದು ತಡವಾಗಿ. ಪವಿತ್ರಾತ್ಮರ ವರಗಳು ಸಾಮಾನ್ಯ ಜನರಿಗೂ ಸಿಗುತ್ತವೆ ಎಂದು ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಸ್ಪಷ್ಟವಾಗಿ ಹೇಳಿತು. 1967ರ ಫೆಬ್ರುವರಿಯಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನ ಡ್ಯುಕೇನ್ ವಿಶ್ವವಿದ್ಯಾಲಯದ ಕೆಲವು ವಿದ್ಯಾರ್ಥಿಗಳು ಧ್ಯಾನಕೂಟದಲ್ಲಿ ಇಂಥ ಅನುಭವ ಪಡೆದರು. ಅದರಿಂದ ಹುಟ್ಟಿದ್ದೇ ಕ್ಯಾರಿಸ್ಮ್ಯಾಟಿಕ್ ನವೀಕರಣ. 'ಕ್ಯಾರಿಸ್ಮ' ಎಂದರೆ ಬಿಟ್ಟಿ ಸಿಕ್ಕ ವರದಾನ. 1970ರ ದಶಕದಲ್ಲಿ ಅದು ಮುಂಬಯಿಗೆ, ಅಲ್ಲಿಂದ ಬೇರೆ ಊರುಗಳಿಗೆ ಬಂತು. ಕೇರಳದ ಮುರಿಂಗೂರು, ನಮ್ಮ ಕರಾವಳಿಯ ಮೂಲ್ಕಿಯ ಧ್ಯಾನಕೇಂದ್ರಗಳ ಹೆಸರನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. 2019ರಲ್ಲಿ ಪೋಪ್ ಫ್ರಾನ್ಸಿಸ್ ಈ ಎಲ್ಲ ಬಳಗಗಳ ಸೇವೆಗೆ 'ಕಾರಿಸ್' ಎಂಬ ಒಂದೇ ಸಂಸ್ಥೆಯನ್ನು ನೆಲೆಗೊಳಿಸಿದರು.

4. ಎಲ್ಲಿ ಒಂದು, ಎಲ್ಲಿ ಬೇರೆ?

ದೇವರು ಇವತ್ತೂ ಕೆಲಸ ಮಾಡುತ್ತಾನೆ, ರೋಗಿಗಾಗಿ ಪ್ರಾರ್ಥಿಸಬೇಕು, ಪವಿತ್ರಾತ್ಮರು ಬಡವರಿಗೂ ಓದದವರಿಗೂ ವರ ಕೊಡುತ್ತಾರೆ: ಇಲ್ಲಿ ನಾವೂ ಅವರೂ ಒಂದೇ.

ಪೆಂತೆಕೋಸ್ತ್ ಸಭೆಗಳಲ್ಲಿ ಬಹಳಷ್ಟು, ವಿಶ್ವಾಸಕ್ಕೆ ಬಂದ ಮೇಲೆ 'ಪವಿತ್ರಾತ್ಮರ ದೀಕ್ಷಾಸ್ನಾನ' ಎಂಬ ಬೇರೊಂದು ಅನುಭವ ಆಗಬೇಕು, ಅನ್ಯಭಾಷೆಯೇ ಅದರ ಗುರುತು ಎಂದು ಕಲಿಸುತ್ತವೆ. ಮಕ್ಕಳಿಗೆ ದೀಕ್ಷಾಸ್ನಾನ ಕೊಡುವುದಿಲ್ಲ. ತಿಳಿದವರಾದ ಮೇಲೆ ನೀರಿನಲ್ಲಿ ಮುಳುಗಿಸಿ ಕೊಡುತ್ತಾರೆ. ಮಾತೆ ಮರಿಯಮ್ಮನವರ, ಸಂತರ ಬಿನ್ನಹ ಬೇಡುವುದಿಲ್ಲ. ಕಥೋಲಿಕರು ದೀಕ್ಷಾಸ್ನಾನ ಮತ್ತು ದೃಢೀಕರಣ ಸಂಸ್ಕಾರಗಳಲ್ಲೇ ಪವಿತ್ರಾತ್ಮರು ಬಂದಿದ್ದಾರೆ ಎಂದು ನಂಬುತ್ತಾರೆ. ಕ್ಯಾರಿಸ್ಮ್ಯಾಟಿಕ್ ಪ್ರಾರ್ಥನೆಯಲ್ಲಿ ಆಗುವುದು ಆ ವರ ಮತ್ತೆ ಎಚ್ಚರಗೊಳ್ಳುವುದು. ಒಲೆಯ ಬೂದಿಯೊಳಗಿನ ಕೆಂಡವನ್ನು ಊದಿದ ಹಾಗೆ. ಅನ್ಯಭಾಷೆ ಹಲವು ವರಗಳಲ್ಲಿ ಒಂದು, ಅದಿಲ್ಲದವಳು ಕಡಿಮೆಯವಳಲ್ಲ.

ಹೆಣ್ಣುಮಕ್ಕಳೇ ಹೆಚ್ಚಾಗಿ ಅಲ್ಲಿಗೆ ಯಾಕೆ ಹೋಗುತ್ತಾರೆ? ಮನೆಯಲ್ಲಿ ಬಾಯಿ ತೆರೆಯದವಳು ಅಲ್ಲಿ ಎದ್ದು ನಿಂತು ಸಾಕ್ಷಿ ಹೇಳುತ್ತಾಳೆ. ಅವಳ ಹೆಸರು ಹಿಡಿದು, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರೆ. ಅತ್ತರೆ ಯಾರೂ ಬೈಯುವುದಿಲ್ಲ. ಗಂಡ ಕುಡಿತ ಬಿಟ್ಟರೆ ಮನೆಯೇ ಬದಲಾಗುತ್ತದೆ. ನಮ್ಮ ಚರ್ಚುಗಳಲ್ಲಿ ಇಷ್ಟು ಹತ್ತಿರ ಕೂತು ಕಷ್ಟ ಕೇಳುವವರು ಕಡಿಮೆ ಎಂಬುದನ್ನು ನಾವು ಒಪ್ಪಬೇಕು. ಬಸವಣ್ಣನವರ ಈ ನೆಲದಲ್ಲಿ, ಅಕ್ಕಮಹಾದೇವಿಯಂಥವರು ಬಾಯಿ ತೆರೆದು ದೇವರ ಮಾತಾಡಿದ ನಾಡಿನಲ್ಲಿ, ಇದು ಹೊಸದೂ ಅಲ್ಲ.

5. ಒಳ್ಳೆಯದೋ ಅಲ್ಲವೋ, ಹೇಗೆ ತಿಳಿಯುವುದು?

ಕೊರಿಂಥದ ಸಭೆಯಲ್ಲೂ ಗದ್ದಲವಾಗಿತ್ತು. ಸಂತ ಪೌಲರು ಅವರಿಗೆ ಬರೆದ ಮೊದಲನೆಯ ಪತ್ರದ 12ರಿಂದ 14ನೇ ಅಧ್ಯಾಯಗಳಲ್ಲಿ ದಾರಿ ತೋರಿಸಿದ್ದಾರೆ. ವರಗಳು ಹಲವು, ಎಲ್ಲವೂ ಎಲ್ಲರ ಒಳಿತಿಗೆ. ಪ್ರೀತಿಯಿಲ್ಲದಿದ್ದರೆ ಯಾವ ವರವೂ ಬರಿ ಸದ್ದು. ಅನ್ಯಭಾಷೆ ಆಡುವವರು ಒಬ್ಬರಾದ ಮೇಲೆ ಒಬ್ಬರು ಆಡಲಿ, ಅರ್ಥ ಹೇಳುವವರಿರಲಿ. ಇದನ್ನು ಹಿಡಿದು ನಾವು ಯಾವ ಪ್ರಾರ್ಥನೆಗಾದರೂ, ನಮ್ಮದಕ್ಕೂ ಸೇರಿಸಿ, ನಾಲ್ಕು ಪ್ರಶ್ನೆ ಕೇಳಬಹುದು.

ಔಷಧಿ ಬಿಡಿಸುತ್ತದೆಯೇ? ಸಿರಾಖನ ಗ್ರಂಥದ 38ನೇ ಅಧ್ಯಾಯ ವೈದ್ಯನನ್ನು ಗೌರವಿಸು, ಔಷಧಿಯೂ ದೇವರು ಕೊಟ್ಟದ್ದೇ ಎನ್ನುತ್ತದೆ. ಗುಣಪಡಿಸುವ ಪ್ರಾರ್ಥನೆಗಳ ಬಗ್ಗೆ 2000ದಲ್ಲಿ ವ್ಯಾಟಿಕನ್ ಕೊಟ್ಟ ಸೂಚನೆಯೂ ಚಿಕಿತ್ಸೆಯನ್ನು ಬಿಡಲು ಹೇಳುವುದಿಲ್ಲ.

ಹಣ ಕೇಳುತ್ತದೆಯೇ? ಕಾಣಿಕೆ ಮನಸ್ಸಿನಿಂದ ಬರಬೇಕು. ಸಂಘದ ಸಾಲ ತೆಗೆದು ಕಾಣಿಕೆ ಕೊಡುವುದು, ಕೊಟ್ಟರೆ ದುಪ್ಪಟ್ಟು ಬರುತ್ತದೆ ಎಂದು ನಂಬುವುದು ಬೇಡ. ವರದಾನಕ್ಕೆ ಬೆಲೆ ಇಲ್ಲ.

ಹೆದರಿಸುತ್ತದೆಯೇ? ನಿನ್ನ ನಂಬಿಕೆ ಸಾಲದು, ಅದಕ್ಕೇ ಮಗು ಹುಷಾರಾಗಲಿಲ್ಲ ಎಂದು ತಾಯಿಯ ಮೇಲೆ ತಪ್ಪು ಹೊರಿಸುವುದು ದೇವರ ಮಾತಲ್ಲ.

ನೆರೆಯವರಿಂದ ಮುರಿಯುತ್ತದೆಯೇ? ಗಲಾತ್ಯರಿಗೆ ಬರೆದ ಪತ್ರದಲ್ಲಿ ಪೌಲರು ಹೇಳುವ ಆತ್ಮದ ಫಲಗಳು ಪ್ರೀತಿ, ಆನಂದ, ಶಾಂತಿ, ತಾಳ್ಮೆ, ದಯೆ ಮೊದಲಾದವು. ಮರವನ್ನು ಫಲದಿಂದ ಗುರುತಿಸೋಣ.

6. ಆ ಸಂಘದಲ್ಲಿ ಏನಾಯಿತು?

ಮೊದಲು ಹೇಳಿದ ಸದಸ್ಯೆಯ ಮನೆಗೆ ಸಂಘದ ಮೂವರು ಹೋದರು. ಅವರು ಪ್ರಾರ್ಥನೆಯ ಬಗ್ಗೆ ಕೆಟ್ಟ ಮಾತಾಡಲಿಲ್ಲ. "ದೇವರು ಗುಣ ಮಾಡ್ಲಿಕ್ಕೆ ಗುಳಿಗಿನೂ ಕೊಟ್ಟಾನಲ್ಲವ್ವ" ಎಂದರು, ಆಶಾ ಕಾರ್ಯಕರ್ತೆಯನ್ನು ಕರೆದುಕೊಂಡು ಆಸ್ಪತ್ರೆಗೆ ಹೋದರು. ಅರ್ಧಕ್ಕೆ ಬಿಟ್ಟರೆ ರೋಗಾಣು ಗಟ್ಟಿಯಾಗಿ ಮಾಮೂಲು ಗುಳಿಗೆಗೆ ಬಗ್ಗುವುದಿಲ್ಲ, ಮನೆಯ ಮಕ್ಕಳಿಗೂ ಹರಡುತ್ತದೆ ಎಂದು ಡಾಕ್ಟರು ತಿಳಿಸಿ ಹೇಳಿದರು. ಸಾಮಾನ್ಯ ಕ್ಷಯಕ್ಕೂ ಕನಿಷ್ಠ ಆರು ತಿಂಗಳ ಚಿಕಿತ್ಸೆ ಬೇಕು. ಔಷಧಿ ಬಿಟ್ಟಿ; ಜೊತೆಗೆ ಪೌಷ್ಟಿಕ ಆಹಾರಕ್ಕೆ ಸರಕಾರ ಕೊಡುತ್ತಿದ್ದ ತಿಂಗಳ 500 ರೂಪಾಯಿ 2024ರ ನವೆಂಬರಿನಿಂದ 1000 ಆಗಿದೆ.

ಆಕೆ ಈಗಲೂ ಪ್ರಾರ್ಥನೆಗೆ ಹೋಗುತ್ತಾಳೆ. ಗುಳಿಗೆಯನ್ನೂ ಪೂರಾ ಮಾಡಿದಳು. ಸಂಘದ ಸಭೆಗೂ ಬರುತ್ತಾಳೆ.

ಸಭೆಯಲ್ಲಿ ಮಾತಾಡಲು:

1. ನಮ್ಮ ಸಂಘದಲ್ಲಿ ಬೇರೆ ನಂಬಿಕೆಯವಳೆಂದು ಯಾರನ್ನಾದರೂ ದೂರ ಇಟ್ಟಿದ್ದೇವೆಯೇ?

2. ಪ್ರಾರ್ಥನೆ, ಹರಕೆ, ತಾಯತ ಅಥವಾ ಬೇರೆ ಯಾವುದೇ ಕಾರಣಕ್ಕೆ ಔಷಧಿ ಬಿಟ್ಟವರು ನಮ್ಮ ಓಣಿಯಲ್ಲಿದ್ದಾರೆಯೇ? ಅವರ ಮನೆಗೆ ಈ ವಾರ ಯಾರು ಹೋಗುತ್ತೀರಿ?

3. ಮುಕ್ತಿಯ ಹೆಣ್ಣುಮಕ್ಕಳು ಕಲಿತ ಕಸುಬುಗಳಲ್ಲಿ ನಮ್ಮ ಸಂಘ ಯಾವುದನ್ನು ಮಾಡಬಹುದು?

ಮಾತಾಡಿದ್ದನ್ನು ಠರಾವು ಪುಸ್ತಕದಲ್ಲಿ ಬರೆದಿಡಿ. ಮುಂದಿನ ಸಭೆಗೆ ಬಂದಾಗ ನಾವೂ ಕೂತು ಕೇಳುತ್ತೇವೆ.