ಹಿರಿಯರು ಲೆಕ್ಕಕ್ಕಿರಬೇಕು: ಮಾಡಬೇಕಾದ್ದು, ಮಾಡಬಾರದ್ದು

ಇದು ಮನೆಯವರಿಗೆ, ಪಂಚಾಯಿತಿ ಸದಸ್ಯರಿಗೆ, ಪಿಡಿಒಗಳಿಗೆ, ಬ್ಯಾಂಕ್ ಮತ್ತು ಪಡಿತರ ಅಂಗಡಿಯವರಿಗೆ, ಬಸ್ ಸಿಬ್ಬಂದಿಗೆ, ಸಂಘ-ಸಂಸ್ಥೆಗಳವರಿಗೆ.

2011ರ ಜನಗಣತಿಯಲ್ಲೇ ದೇಶದಲ್ಲಿ 60 ದಾಟಿದವರು 10.38 ಕೋಟಿ ಇದ್ದರು. 2050ರ ಹೊತ್ತಿಗೆ ಐವರಲ್ಲಿ ಒಬ್ಬರು ಹಿರಿಯರಾಗಿರುತ್ತಾರೆ ಎಂಬುದು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ ಅಂದಾಜು.

ಹಿರಿಯರನ್ನು ಹೊರಗಿಟ್ಟರೆ ಮೊದಲು ಅವರ ಮಾತು ನಿಲ್ಲುತ್ತದೆ. ಆಮೇಲೆ ಹೊಸಿಲು ದಾಟುವುದು ನಿಲ್ಲುತ್ತದೆ. ನಡೆಯದ ಕಾಲು ಸೋಲುತ್ತದೆ, ಬಿದ್ದರೆ ಸೊಂಟದ ಮೂಳೆ ಮುರಿಯುತ್ತದೆ. ಒಂಟಿತನವೂ ಚಿಕಿತ್ಸೆ ಕಾಣದ ಕಿವುಡೂ ಮರೆಗುಳಿ ಕಾಯಿಲೆಯ ಅಪಾಯ ಹೆಚ್ಚಿಸುತ್ತವೆ. ಪಾಸ್‌ಬುಕ್, ಜಮೀನಿನ ಕಾಗದ ಬೇರೆಯವರ ಕೈ ಸೇರುತ್ತವೆ.

ಮಾಡಬೇಕಾದ್ದು

ಎಲ್ಲರಿಗೂ

ಹಿರಿಯರ ವಿಷಯವನ್ನು ಹಿರಿಯರ ಹತ್ತಿರವೇ ಮಾತಾಡಿ.

ಎದುರಿಗೆ ಕೂತು, ಮುಖ ಕಾಣುವಂತೆ ಹೇಳಿ.

ದನಿಯನ್ನು ಕೀರಲು ಮಾಡದೆ, ಪದ ಬಿಡಿಸಿ ಹೇಳಿ. ವಯಸ್ಸಾದ ಕಿವಿಗೆ ಮೊದಲು ತಪ್ಪುವುದು ಕೀರಲು ದನಿ.

ಉತ್ತರಕ್ಕೆ ಕಾಯಿರಿ.

ಏನು ಅರ್ಥವಾಯಿತು ಎಂಬುದನ್ನು ಅವರ ಬಾಯಿಂದಲೇ ಕೇಳಿ. ಕೇಳಿಸದವರು ಸುಮ್ಮನೆ ತಲೆಯಾಡಿಸುತ್ತಾರೆ, ಮುಂದಿನ ಸಲ ಬರುವುದಿಲ್ಲ.

ಗ್ರಾಮಸಭೆ, ವಾರ್ಡ್ ಸಭೆ

ಡಂಗುರ ಹೊಡೆಸಿ. ಆಟೊಗೆ ಮೈಕ್ ಕಟ್ಟಿ ಕೇರಿ ಕೇರಿಯಲ್ಲಿ ಕೂಗಿಸಿ.

ಒಂಟಿಯಾಗಿರುವ ಹಿರಿಯರ ಪಟ್ಟಿ ಮಾಡಿ. ಆಶಾ ಕಾರ್ಯಕರ್ತೆಗೂ ಅಂಗನವಾಡಿ ಟೀಚರಿಗೂ ಆ ಮನೆಗಳು ಗೊತ್ತು, ಅವರನ್ನು ಕೇಳಿ.

ಸಭೆಯನ್ನು ಬೆಳಿಗ್ಗೆ ಇಡಿ. ಪೊರೆ ಬಂದ ಕಣ್ಣಿಗೆ ಮುಸ್ಸಂಜೆಯ ದಾರಿ ಕಾಣದು.

ನೆಲಮಟ್ಟದ ಕೋಣೆಯಲ್ಲಿ ಸೇರಿಸಿ. ಇಲ್ಲದಿದ್ದರೆ ಅರಳಿಕಟ್ಟೆಯ ನೆರಳೇ ಸಾಕು.

ಬೆನ್ನಿಗೆ ಆಸರೆಯಿರುವ ಕುರ್ಚಿಗಳನ್ನು ಮುಂದಿನ ಸಾಲಿಗೆ ಹಾಕಿ.

ಕುಡಿಯುವ ನೀರು ಇಡಿ.

ಶೌಚಾಲಯದ ಬೀಗ ತೆಗೆಸಿ. ಒಂದು ಸಭೆಯಲ್ಲಿ ನಾನೇ ಕಂಡೆ: ಪಿಂಚಣಿ ಕೇಳಲು ಬಂದ ಅಜ್ಜಿಯೊಬ್ಬರು ಬೆಳಗಿನಿಂದ ಒಂದು ಲೋಟ ನೀರೂ ಕುಡಿದಿರಲಿಲ್ಲ. ಶೌಚಾಲಯಕ್ಕೆ ಬೀಗ ಹಾಕಿತ್ತು, ಬೀಗದ ಕೈ ಯಾರ ಹತ್ತಿರ ಇದೆ ಎಂದು ಒಬ್ಬರಿಗೂ ಗೊತ್ತಿರಲಿಲ್ಲ. ಸರದಿ ಬರುವ ಮೊದಲೇ ಅವರು ಎದ್ದು ಹೋದರು. ಅರ್ಜಿ ಸೆರಗಿನ ಗಂಟಿನಲ್ಲೇ ಉಳಿಯಿತು.

ಹಿರಿಯರ ಅರ್ಜಿಗಳನ್ನು ಮೊದಲ ಅರ್ಧ ಗಂಟೆಯಲ್ಲೇ ತೆಗೆದುಕೊಳ್ಳಿ.

ಕೆರೆ, ರಾಜಕಾಲುವೆ, ಗೋಮಾಳ, ಗುಂಡುತೋಪಿನ ಮಾತು ಬಂದಾಗ ಮೊದಲು ಅವರನ್ನು ಕೇಳಿ. ಕೋಡಿ ಬಿದ್ದ ವರ್ಷ ನೀರು ಯಾರ ಹೊಲದ ಮೇಲೆ ಹಾದು ಯಾವ ಹಳ್ಳ ಸೇರಿತು ಎಂಬುದು ಎಂಜಿನಿಯರ್ ತಂದ ನಕ್ಷೆಯಲ್ಲಿ ಇರುವುದಿಲ್ಲ. ಮುಚ್ಚಿಹೋದ ಬಾವಿ ಎಲ್ಲಿತ್ತು ಎಂದು ಕೋಲು ಚಾಚಿ ತೋರಿಸುವವರು ಊರಿನಲ್ಲಿ ಇನ್ನು ನಾಲ್ಕೈದು ಜನ ಉಳಿದಿದ್ದರೆ ಹೆಚ್ಚು. ಅವರನ್ನು ಜಾಗಕ್ಕೇ ಕರೆದುಕೊಂಡು ಹೋಗಿ.

ಅವರು ಆಡಿದ ಮಾತನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ.

ಬರೆದದ್ದನ್ನು ಅಲ್ಲೇ ಓದಿ ಹೇಳಿ.

ಬ್ಯಾಂಕ್, ಪಿಂಚಣಿ, ಪಡಿತರ

ಹಿರಿಯ ನಾಗರಿಕರಿಗೆ ಆದ್ಯತೆಯ ಕೌಂಟರ್ ಗುರುತಿಸಿ, ಕಾಣುವಂತೆ ಬೋರ್ಡ್ ಹಾಕಿ. ಇದು ರಿಸರ್ವ್ ಬ್ಯಾಂಕ್ 2017ರಲ್ಲೇ ಕೊಟ್ಟ ಸೂಚನೆ.

70 ದಾಟಿದವರಿಗೆ ಮನೆ ಬಾಗಿಲಿಗೆ ಬ್ಯಾಂಕ್ ಸೇವೆ ಕೊಡಿ. ಅದೂ ಅದೇ ಸೂಚನೆಯಲ್ಲಿದೆ.

ಸಹಿ ಮಾಡಲಾಗದವರಿಂದ ಹೆಬ್ಬೆಟ್ಟು ತೆಗೆದುಕೊಳ್ಳಿ. ಇಬ್ಬರು ಸಾಕ್ಷಿಗಳಿರಲಿ, ಅವರಲ್ಲಿ ಒಬ್ಬರು ಬ್ಯಾಂಕಿನವರೇ ಆಗಿರಲಿ.

ಯಂತ್ರ ಬೆರಳಚ್ಚು ಹಿಡಿಯದಿದ್ದರೆ ಕೈ ತೊಳೆಸಿ, ಒರೆಸಿ, ಬೇರೆ ಬೆರಳು ಇಡಿಸಿ. ಅರವತ್ತು ವರ್ಷ ಕಳೆ ಕಿತ್ತ, ಪಾತ್ರೆ ಉಜ್ಜಿದ ಹೆಬ್ಬೆಟ್ಟು ನುಣುಪಾಗಿರುತ್ತದೆ, ಗೆರೆ ಹುಡುಕಬೇಕಾಗುತ್ತದೆ.

ಅದೂ ಆಗದಿದ್ದರೆ ಕಣ್ಣಿನ ಪಾಪೆ, ಮುಖ, ಒಟಿಪಿ, ಯಾವುದು ಸಿಗುತ್ತದೋ ಅದರಿಂದ ಕೆಲಸ ಮುಗಿಸಿ.

ಕೇಂದ್ರ ಸರ್ಕಾರದ ಪಿಂಚಣಿದಾರರಿಂದ ಜೀವಿತ ಪ್ರಮಾಣಪತ್ರವನ್ನು ನವೆಂಬರಿನಲ್ಲಿ ಪಡೆಯಿರಿ. 80 ದಾಟಿದವರಿಂದ ಅಕ್ಟೋಬರ್ 1ರಿಂದಲೇ ಪಡೆಯಿರಿ.

ಆದಾಯ ಮಿತಿಯೊಳಗಿರುವ, 65 ತುಂಬಿದವರಿಂದ ಸಂಧ್ಯಾ ಸುರಕ್ಷಾ ಪಿಂಚಣಿಗೆ ಅರ್ಜಿ ಹಾಕಿಸಿ. ನಾಡಕಚೇರಿಗೆ ಜೊತೆಯಲ್ಲಿ ಹೋಗಿ.

ಬಸ್

ಅವರು ಕೂತ ಮೇಲೆ ಬಸ್ ಬಿಡಿ.

ನಿಲ್ದಾಣದ ಅಂಚಿಗೆ ತಂದು ನಿಲ್ಲಿಸಿ.

ಕೆಎಸ್‌ಆರ್‌ಟಿಸಿಯಲ್ಲಿ 60 ದಾಟಿದವರಿಗೆ ಶೇಕಡಾ 25 ರಿಯಾಯಿತಿ ಇದೆ, ಕೇಳುವ ಮೊದಲೇ ಹೇಳಿ.

ಮತದಾನ

ವಿಧಾನಸಭೆ, ಲೋಕಸಭೆ ಚುನಾವಣೆಯಲ್ಲಿ 85 ದಾಟಿದವರು ಮನೆಯಿಂದಲೇ ಮತ ಹಾಕಬಹುದು. ಅಧಿಸೂಚನೆ ಹೊರಟ 5 ದಿನದೊಳಗೆ ನಮೂನೆ 12-ಡಿ ತುಂಬಿಸಿ ಕೊಡಿ.

ಮತಗಟ್ಟೆಗೇ ಬರುತ್ತೇನೆ ಎನ್ನುವವರನ್ನು ಕರೆದುಕೊಂಡು ಹೋಗಿ. ಬೂತಿನ ಸಾಲು ಅವರಿಗೆ ಊರವರೆಲ್ಲ ಸಿಗುವ ಜಾಗ.

ಮನೆ

ಜಮೀನು, ಮದುವೆ, ಮನೆ ಬದಲಾವಣೆ, ಆಪರೇಷನ್, ಯಾವುದೇ ಇರಲಿ, ತೀರ್ಮಾನಕ್ಕೆ ಮೊದಲು ಕೇಳಿ.

ಕಿವಿ, ಕಣ್ಣು ವರ್ಷಕ್ಕೊಮ್ಮೆ ತೋರಿಸಿ. ವಯಸ್ಸಾಯಿತು ಎಂಬುದು ರೋಗದ ಹೆಸರಲ್ಲ.

ಬಚ್ಚಲಿಗೆ ಹಿಡಿಕೆ ಹಾಕಿಸಿ.

ಮನೆ ಕೆಲಸದಲ್ಲಿ ಅವರ ಪಾಲು ಅವರಿಗೇ ಬಿಡಿ. ಸೊಪ್ಪು ಸೋಸಲು ಒಂದು ಗಂಟೆ ಹಿಡಿದರೆ ಹಿಡಿಯಲಿ.

ಫೋನ್ ಬಳಸುವುದನ್ನು ಕಲಿಸಿ. ಹತ್ತು ಸಲ ಕೇಳಿದರೆ ಹತ್ತು ಸಲ ತೋರಿಸಿ.

ಅರಿವು ಕೇಂದ್ರಕ್ಕೆ, ಭಜನೆಗೆ, ಸಂಘಕ್ಕೆ ಹೋಗುವ ದಿನ ಅವರನ್ನು ಬಿಟ್ಟು ಬರಲು ಒಬ್ಬರನ್ನು ಗೊತ್ತುಮಾಡಿ.

ಹಿರಿಯರು ಆಸ್ತಿಯನ್ನು ದಾನವಾಗಿ ಬರೆದುಕೊಡುವುದಾದರೆ, ಕೊನೆಯವರೆಗೆ ನೋಡಿಕೊಳ್ಳಬೇಕು ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. ನೋಡಿಕೊಳ್ಳದಿದ್ದರೆ ದಾನ ರದ್ದು ಮಾಡಿಸಲು ಅವಕಾಶ ಕೊಡುವ, 2007ರ ಪೋಷಕರ ಹಾಗೂ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ನಿಂತಿರುವುದೇ ಆ ಷರತ್ತಿನ ಮೇಲೆ.

ಮಾಡಬಾರದ್ದು

ಅವರು ಎದುರಿಗೇ ಇರುವಾಗ 'ಇವರಿಗೆ ಏನಾಗಿದೆ' ಎಂದು ಮಗನನ್ನು ಕೇಳುವುದು ಬೇಡ.

ಅವರ ಮಾತನ್ನು ಅರ್ಧಕ್ಕೆ ತಡೆದು ನೀವು ಮುಗಿಸುವುದು ಬೇಡ.

ಕಿವಿಯ ಹತ್ತಿರ ಬಾಗಿ ಕಿರುಚುವುದು ಬೇಡ.

ಮಗುವಿಗೆ ಹೇಳುವಂತೆ ಮುದ್ದು ಮಾತು ಬೇಡ.

'ನಿಮಗೆ ಗೊತ್ತಾಗಲ್ಲ, ಸುಮ್ಮನಿರಿ' ಎನ್ನಬಾರದು.

ಅವರಿಗೆ ತಿಳಿಯಬಾರದೆಂದು ಅವರೆದುರೇ ಇಂಗ್ಲಿಷಿನಲ್ಲಿ ಮಾತಾಡಬಾರದು. ಪರದೇಶದಲ್ಲಿರುವ ಮಕ್ಕಳ ವಿಡಿಯೊ ಕರೆಯಲ್ಲಿ ಇದು ಹೆಚ್ಚು. ಮಾತು ತಿಳಿಯದಿದ್ದರೂ, ಮಾತು ತಮ್ಮ ಬಗ್ಗೆಯೇ ಎಂಬುದು ಅವರಿಗೆ ತಿಳಿಯುತ್ತದೆ.

ಸಭೆಯ ಸುದ್ದಿಯನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಿ ಕೈತೊಳೆದುಕೊಳ್ಳುವುದು ಬೇಡ.

ಮಹಡಿಯ ಮೇಲೆ ಸಭೆ ಇಡಬಾರದು.

ಖಾಲಿ ಹಾಳೆಗೆ ಹೆಬ್ಬೆಟ್ಟು ಒತ್ತಿಸಬಾರದು.

ಓದಿ ಹೇಳದ ಹಾಳೆಗೂ ಒತ್ತಿಸಬಾರದು.

ಅಕ್ಟೋಬರ್ 1ರ ಹಿರಿಯರ ದಿನಕ್ಕೆ ವೇದಿಕೆಗೆ ಕರೆದು, ಶಾಲು ಹೊದಿಸಿ, ಫೋಟೊ ತೆಗೆದು, ಮೈಕ್ ಕೊಡದೆ ಕಳಿಸುವುದು ಬೇಡ. ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದರೆ ಇದೇ. ಶಾಲು ಇಲ್ಲದಿದ್ದರೂ ನಡೆಯುತ್ತದೆ, ಐದು ನಿಮಿಷ ಮಾತಾಡಲು ಕೊಡಿ.

ಕೈಲಾಗದವರು ಎಂದು ನೀವೇ ತೀರ್ಮಾನಿಸುವುದು ಬೇಡ. ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿ 1918ರಲ್ಲಿ ಹುಟ್ಟಿದವರು, ನೂರು ದಾಟಿದ ಮೇಲೂ ಪ್ರತಿಭಟನೆಗೆ ಬಂದು ಕೂತಿದ್ದರು.

ಯಂತ್ರ ಬೆರಳು ಹಿಡಿಯಲಿಲ್ಲ ಎಂದು ಪಡಿತರ ಕೊಡದೆ ಕಳಿಸಬಾರದು.

'ನಾಳೆ ಬನ್ನಿ' ಎನ್ನಬಾರದು. ಆ ನಾಳೆಗೆ ಅವರು ಇನ್ನೊಬ್ಬರ ಬೈಕು, ಇನ್ನೊಬ್ಬರ ಕೂಲಿ ದಿನ ಬೇಡಬೇಕು.

ಮುದುಕರು ಕೈ ತೋರಿಸಿದಾಗ ಬಸ್ ನಿಲ್ಲಿಸದೆ ಹೋಗಬಾರದು.

ಶಕ್ತಿ ಯೋಜನೆಯ ಟಿಕೆಟ್ ಪಡೆದ ಅಜ್ಜಿಯನ್ನು 'ಫ್ರೀ ಟಿಕೆಟ್' ಎಂದು ಹಂಗಿಸಬಾರದು.

ಪಾಸ್‌ಬುಕ್, ಎಟಿಎಂ ಕಾರ್ಡ್ ಕಸಿದಿಟ್ಟುಕೊಳ್ಳಬಾರದು. ಪಿಂಚಣಿ ಅವರ ದುಡ್ಡು. ಅದರಲ್ಲಿ ಮೊಮ್ಮಗುವಿಗೆ ಬಿಸ್ಕತ್ತು ಕೊಳ್ಳಲು ನಿಮ್ಮ ಒಪ್ಪಿಗೆ ಬೇಕಾಗಿಲ್ಲ.

ಮೊಮ್ಮಕ್ಕಳನ್ನು ನೋಡಿಕೊಳ್ಳುವ ಹೊರೆಯನ್ನು ಕೇಳದೆ ಹೊರಿಸುವುದು ಬೇಡ.

ಮೂರು ತಿಂಗಳು ಒಬ್ಬ ಮಗ, ಮೂರು ತಿಂಗಳು ಇನ್ನೊಬ್ಬ ಎಂದು ಕೇಳದೆ ಹಂಚಿಕೊಳ್ಳುವುದು ಬೇಡ. ಪ್ರತಿ ಸಲವೂ ಅವರಿಗೆ ಗೆಳತಿ, ನೆರೆಮನೆ, ಗುಡಿ, ಗುರುತಿನ ಅಂಗಡಿ, ಎಲ್ಲ ಕೈತಪ್ಪುತ್ತವೆ.

ಅಪಾರ್ಟ್‌ಮೆಂಟ್ ಸಂಘದ ಸಭೆಯಿಂದ 'ಫ್ಲ್ಯಾಟ್ ಮಗನ ಹೆಸರಲ್ಲಿದೆ' ಎಂದು ಹೊರಗೆ ಕಳಿಸಬಾರದು. ಇಡೀ ಹಗಲು ಆ ಕಟ್ಟಡದಲ್ಲಿ ಇರುವವರು ಅವರೇ.

ಗಂಡನನ್ನು ಕಳೆದುಕೊಂಡ ತಾಯಿಯನ್ನು ಮದುವೆ, ಸೀಮಂತ, ನಾಮಕರಣದಲ್ಲಿ ಹಿಂದಿನ ಕೋಣೆಗೆ ಕಳಿಸಬಾರದು. ಅಕ್ಕಿ ಹಸನು ಮಾಡಿದ್ದು ಅವರು, ಹೂ ಕಟ್ಟಿದ್ದು ಅವರು, ಮೂರು ದಿನದಿಂದ ನೆಂಟರಿಗೆ ಕಾಫಿ ಕೊಟ್ಟದ್ದೂ ಅವರೇ. ಆರತಿಯ ಹೊತ್ತಿಗೆ 'ಅಮ್ಮ, ಸ್ವಲ್ಪ ಒಳಗಿರು' ಎನ್ನುವುದು ಬೇಡ. ಆರತಿ ತಟ್ಟೆಯನ್ನು ಅವರ ಕೈಗೂ ಕೊಡಿ. ಪುರೋಹಿತರು, ಅತ್ತೆ ಮನೆಯವರು ಏನೆನ್ನುತ್ತಾರೋ ಎಂದು ಹಿಂಜರಿಯುವುದು ಬೇಡ.

ಮರೆವು ಶುರುವಾದವರಿಗೆ 'ಆಗಲೇ ಹೇಳಿದೆನಲ್ಲ' ಎನ್ನಬಾರದು.

ಮನೆಯಲ್ಲಿ ಕೂಡಿಹಾಕಿ ಬೀಗ ಹಾಕಿಕೊಂಡು ಹೋಗಬಾರದು.

ಆಸ್ಪತ್ರೆಯಲ್ಲಿ, ಬಸ್ ನಿಲ್ದಾಣದಲ್ಲಿ, ಜಾತ್ರೆಯಲ್ಲಿ ಬಿಟ್ಟು ಹೋಗಬಾರದು. ನೋಡಿಕೊಳ್ಳಬೇಕಾದವರೇ ಹಿರಿಯರನ್ನು ತೊರೆದರೆ 2007ರ ಕಾಯ್ದೆಯಡಿ 3 ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

'ಮನೆ ವಿಷಯ, ನಮಗೇಕೆ' ಎಂದು ಪಕ್ಕದ ಮನೆಯವರು ಸುಮ್ಮನಿರುವುದು ಬೇಡ. ಎರಡು ದಿನ ಬಾಗಿಲು ತೆರೆಯದಿದ್ದರೆ ಹೋಗಿ ತಟ್ಟಿ.

ಪೊಲೀಸ್, ಸಿಬಿಐ ಎಂದು ವಿಡಿಯೊ ಕರೆ ಮಾಡಿ ಹೆದರಿಸುವವರಿಗೆ ಹಿರಿಯರು ಹಣ ಕಳಿಸುವುದು ಬೇಡ. 'ಡಿಜಿಟಲ್ ಅರೆಸ್ಟ್' ಎಂಬುದು ಯಾವ ಕಾನೂನಿನಲ್ಲೂ ಇಲ್ಲ.

ಮೋಸ ಹೋದವರನ್ನು ಮನೆಯವರು ಬೈಯಬಾರದು. ಬೈದರೆ ಮುಂದಿನ ಸಲ ಮುಚ್ಚಿಡುತ್ತಾರೆ.

ತುರ್ತಿಗೆ

ಹಿರಿಯರ ಸಹಾಯವಾಣಿ: 14567.

ಆನ್‌ಲೈನ್ ಹಣ ವಂಚನೆ: 1930. ಆ ಕೂಡಲೇ ಕರೆ ಮಾಡಿ.

ಹೊಡೆತ, ಜೀವಭಯ: 112.

ಮಕ್ಕಳಿಂದ ಜೀವನಾಂಶ ಬೇಕಾದರೆ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಕೊಡಿ. ಹಿರಿಯರಿಗೆ ಓಡಾಡಲು ಆಗದಿದ್ದರೆ ಅವರು ಒಪ್ಪಿ ಸೂಚಿಸಿದ ಬೇರೊಬ್ಬರು ಕೊಡಬಹುದು.