ಗೋಬರ್ ಗ್ಯಾಸಿನಲ್ಲಿ ಎಂಜಿನ್ ಓಡಿಸುವವರಿಗೆ ಏಳು ಸೂತ್ರಗಳು

1. ಎಂಜಿನ್ ಕೊಳ್ಳುವ ಮೊದಲು ಕೊಟ್ಟಿಗೆಗೆ ಹೋಗಿ ದನ ಎಣಿಸಿ. ಒಂದು ಹಸು ದಿನಕ್ಕೆ ಹಾಕುವುದು ಸುಮಾರು 10 ಕಿಲೋ ಸಗಣಿ. 25 ಕಿಲೋ ಸಗಣಿಗೆ ಹೆಚ್ಚುಕಡಿಮೆ ಒಂದು ಘನ ಮೀಟರ್ ಗ್ಯಾಸ್. ಒಂದು ಎಚ್‌ಪಿಗೆ ಗಂಟೆಗೆ ಬೇಕಾದದ್ದು ಸುಮಾರು 0.45 ಘನ ಮೀಟರ್. ಹಾಗಾಗಿ 5 ಎಚ್‌ಪಿ ಪಂಪ್‌ಸೆಟ್ ದಿನಕ್ಕೊಂದು ಗಂಟೆ ಓಡಲು ಐದಾರು ದನ ಬೇಕು. ಮನೆಯಲ್ಲಿರುವುದು ಎರಡೇ ಹಸುವಾದರೆ ಗ್ಯಾಸು ಒಲೆಗೇ ಇರಲಿ.

2. ಸಗಣಿಗೆ ಸಮ ನೀರು. ಕೊಟ್ಟಿಗೆ ತೊಳೆದ ಫಿನಾಯಿಲ್ ನೀರು ಗುಂಡಿಗೆ ಬೀಳಬಾರದು, ಗ್ಯಾಸು ಮಾಡುವ ಸೂಕ್ಷ್ಮಾಣುಗಳೇ ಸತ್ತುಹೋಗುತ್ತವೆ.

3. ಡೀಸೆಲ್ ಎಂಜಿನ್ ಬರೀ ಗ್ಯಾಸಿನಲ್ಲಿ ಓಡುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಸಿಲಿಂಡರಿನೊಳಗಿನ ಒತ್ತಡಕ್ಕೆ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ, ಮೀಥೇನ್ ಹೊತ್ತಿಕೊಳ್ಳದು. ಅದಕ್ಕೇ ಸ್ವಲ್ಪ ಡೀಸೆಲ್ ಬೇಕೇ ಬೇಕು. ಏರ್ ಫಿಲ್ಟರ್ ದಾಟಿದ ಮೇಲೆ ಗಾಳಿಯ ಪೈಪಿಗೆ ಗ್ಯಾಸ್ ಪೈಪು ಕೂಡಿಸಿ. ಡೀಸೆಲ್‌ನಲ್ಲೇ ಶುರು ಮಾಡಿ, ಎಂಜಿನ್ ಹದಕ್ಕೆ ಬಂದ ಮೇಲೆ ಗ್ಯಾಸಿನ ವಾಲ್ವ್ ನಿಧಾನವಾಗಿ ತೆರೆಯಿರಿ. ಗವರ್ನರ್ ತಾನೇ ಡೀಸೆಲ್ ತಗ್ಗಿಸುತ್ತದೆ. ಚೆನ್ನಾಗಿ ಹೊಂದಿಸಿದರೆ ಶೇ 80ರವರೆಗೆ ಡೀಸೆಲ್ ಉಳಿಯುತ್ತದೆ. ಪೂರ್ತಿ ಗ್ಯಾಸೇ ಬೇಕೆಂದರೆ ಸ್ಪಾರ್ಕ್ ಪ್ಲಗ್ ಇರುವ ಪೆಟ್ರೋಲ್ ಎಂಜಿನ್ ಆರಿಸಿ. ಕಸುವು ಮಾತ್ರ ತುಸು ಕಡಿಮೆ.

4. ಕೊಳೆತ ಮೊಟ್ಟೆಯ ವಾಸನೆಯೇ ಎಂಜಿನ್ನಿನ ಶತ್ರು. ಅದು ಹೈಡ್ರೋಜನ್ ಸಲ್ಫೈಡ್. ತಾಮ್ರ, ಹಿತ್ತಾಳೆ, ಬೇರಿಂಗ್ ಎಲ್ಲವನ್ನೂ ತಿನ್ನುತ್ತದೆ. ಲೇತ್ ಅಂಗಡಿಯಲ್ಲಿ ಬಿಸಾಡುವ ಕಬ್ಬಿಣದ ಸುರುಳಿಗೆ ತುಕ್ಕು ಹಿಡಿಸಿ, ದಪ್ಪ ಪೈಪಿನಲ್ಲಿ ತುಂಬಿ, ಗ್ಯಾಸು ಅದರೊಳಗೆ ಹಾಯುವಂತೆ ಮಾಡಿ. ತುಕ್ಕು ಕಪ್ಪಾದಾಗ ಹೊರಗೆ ಹರಡಿದರೆ ಮತ್ತೆ ಕೆಂಪಾಗುತ್ತದೆ. ಆಗ ಅದು ಬಿಸಿಯೇರುತ್ತದೆ, ಹುಲ್ಲಿನ ಬಣವೆಯ ಪಕ್ಕ ಹರಡೀರಿ ಜೋಕೆ! ಎಂಜಿನ್ ಆಯಿಲನ್ನೂ ಮಾಮೂಲಿಗಿಂತ ಬೇಗ ಬದಲಿಸಿ.

5. ಗ್ಯಾಸಿನ ಜೊತೆ ನೀರಿನ ಆವಿಯೂ ಬರುತ್ತದೆ. ಪೈಪಿನ ತಗ್ಗಿನಲ್ಲೊಂದು ನಲ್ಲಿ ಇಟ್ಟು, ದಿನಾ ನೀರು ಬಸಿಯಿರಿ.

6. ಎಲ್‌ಪಿಜಿಯಂತೆ ಸಿಲಿಂಡರಿಗೆ ತುಂಬುವ ಯೋಚನೆ ಬಿಡಿ. ಮೀಥೇನ್ ನಮ್ಮ ಹವೆಯಲ್ಲಿ ಎಷ್ಟು ಒತ್ತಿದರೂ ದ್ರವವಾಗದು. ಗ್ಯಾಸು ಹುಟ್ಟಿದಲ್ಲೇ ಬಳಸಿ, ಎಂಜಿನ್ ಮಾತ್ರ ಗಾಳಿಯಾಡುವ ಕಡೆ ಇರಲಿ.

7. ಊರೇ ಸೇರಿ ಮಾಡುವುದಾದರೆ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದ ಕಥೆ ತಿಳಿದಿರಿ. ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ತಂಡ ಅಲ್ಲಿ ಮೊದಲು ಅಡುಗೆಗೆ ಗ್ಯಾಸು ಕೊಡಲು ಹೊರಟಿತ್ತು, ಸಗಣಿ ಸಾಲಲಿಲ್ಲ. ಅದೇ ಗ್ಯಾಸಿನಿಂದ 1987ರಲ್ಲಿ ಎಂಜಿನ್ ಓಡಿಸಿ ನಲ್ಲಿ ನೀರು ಕೊಟ್ಟರು, ಮನೆಗಳಿಗೆ ದೀಪವೂ ಬಂತು. ಸಗಣಿಯನ್ನು ತೂಗಿ ತೆಗೆದುಕೊಂಡು ಕಾಸು ಕೊಡುತ್ತಿದ್ದರು, ಗೊಬ್ಬರವನ್ನು ಕೊಟ್ಟವರಿಗೇ ಹಿಂದಿರುಗಿಸುತ್ತಿದ್ದರು.